ಬೆಲೆ ಹುಟ್ಟುವ ಮೊದಲೇ

ಎತ್ತರ ಸುಮಾರು ಒಂಬತ್ತು ಸೆಂಟಿಮೀಟರ್, ಅಗಲ ಐದು. ಅಂಗೈಯಲ್ಲಿಟ್ಟು ಬೆರಳು ಮಡಚಿದರೆ ಮರೆಯಾಗುವಷ್ಟು ಚಿಕ್ಕದು. ಮೈ ಮನುಷ್ಯನದು, ತಲೆ ಗೂಳಿಯದು. ಮಣ್ಣಿನ ಮುದ್ದೆಯನ್ನು ಕೈಯಲ್ಲೇ ತಿದ್ದಿ ತೀಡಿ, ಒಳಗೆ ಟೊಳ್ಳು ಬಿಡದೆ ಮಾಡಿ ಸುಟ್ಟಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ಈ ಗೊಂಬೆಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಸಿಕ್ಕಿದ್ದು ಮೂಡಬಿದಿರೆಯಿಂದ ಶಿರ್ತಾಡಿಗೆ ಹೋಗುವ ದಾರಿಯ ಮೂಡುಕೊಣಾಜೆಯಲ್ಲಿ. ಬೆಳಕಿಗೆ ತಂದವರು ನಮ್ಮ ಕಾಪು ತಾಲೂಕಿನ ಶಿರ್ವದ ಮೂಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪುರಾತತ್ತ್ವ ಕಲಿಸುತ್ತಿದ್ದ ಪ್ರೊ. ಟಿ. ಮುರುಗೇಶಿ. ಒಟ್ಟು ಎಂಟು ವಸ್ತುಗಳು: ಎರಡು ಗೂಳಿ (ಮೇಲೆ ಹೇಳಿದ ಗೂಳಿತಲೆಯದು ಇವುಗಳಲ್ಲೊಂದು), ಎರಡು ನವಿಲು, ಒಂದು ಕುದುರೆ, ಒಂದು ಮಾತೃದೇವತೆ, ಇನ್ನೊಂದು ಮಾತೃದೇವತೆಯ ಕೈ, ಮತ್ತೆ ಏನೆಂದು ಗುರುತು ಸಿಗದ ಒಂದು ತುಂಡು. ನವಿಲುಗಳಲ್ಲಿ ಒಂದರ ತಲೆಯನ್ನು ಬೇರೆಯಾಗಿ ಮಾಡಿ ಮೈಗೆ ಸಿಕ್ಕಿಸುವ ಏರ್ಪಾಡಿತ್ತು. ಕಾಲ ಕ್ರಿ.ಪೂ. 800ರಿಂದ 700 ಇರಬಹುದೆಂದು ಮುರುಗೇಶಿಯವರ ಅಂದಾಜು.

ಗೊಂಬೆಗಳ ಸುದ್ದಿಯ ಕೆಳಗೆ ಇನ್ನೊಂದು ಸಾಲಿತ್ತು. ಹೆಚ್ಚಿನವರು ಅದನ್ನು ಓದಿ ಮುಂದೆ ಹೋದರು. 1980ರ ದಶಕದಲ್ಲಿ ಇತಿಹಾಸಕಾರ ಡಾ. ಪುಂಡಿಕಾಯ್ ಗಣಪಯ್ಯ ಭಟ್ಟರು ಬೆಳಕಿಗೆ ತಂದ ಆ ಜಾಗದಲ್ಲಿ ಇದ್ದದ್ದು ಒಂಬತ್ತು ಕಲ್ಮನೆಗಳು, ಅಂದರೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು; ಈಗ ನೆಟ್ಟಗೆ ನಿಂತಿರುವುದು ಎರಡೇ. ಉಳಿದವುಗಳ ಚಪ್ಪಡಿಗಳು ಬಿದ್ದಿವೆ. ಬಿದ್ದ ಕಲ್ಮನೆಯೊಳಗೆ ಯಾವ ಗೊಂಬೆ ಯಾವ ಮೂಲೆಯಲ್ಲಿತ್ತು, ಮೂಳೆಯ ಪಕ್ಕವೋ ಮಡಕೆಯ ಪಕ್ಕವೋ, ಗೂಳಿಯ ಮುಖ ಯಾವ ದಿಕ್ಕಿಗಿತ್ತು ಎಂಬುದನ್ನು ಇನ್ನು ಯಾರೂ ಹೇಳಲಾರರು.

ಉಡುಪಿಯ ಬನ್ನಂಜೆಯಲ್ಲಿ ಕುಳಿತು ಮೂಡಬಿದಿರೆಯ ಗೊಂಬೆಗಳ ಬಗ್ಗೆ ಎಚ್ಚರಿಕೆಯ ಮಾತು ಬರೆಯುವುದಕ್ಕೆ ಕಾರಣವಿದೆ. ಅಲ್ಲಿಯದೇ ನೆಲ ಇಲ್ಲಿಯದೂ. ಅದೇ ಮುರಕಲ್ಲು, ಅದೇ ಗುಡ್ಡ, ಅದೇ ಜೆಸಿಬಿ. ನಡುವಿನ ಜಿಲ್ಲಾ ಗಡಿ ಎಳೆದದ್ದು 1997ರಲ್ಲಿ. ಕಲ್ಮನೆ ಕಟ್ಟಿದವರಿಗೆ ಅದು ಗೊತ್ತಿರಲಿಲ್ಲ. ಮೂಡುಕೊಣಾಜೆಯ ಗೊಂಬೆಗಳ ಒಡಹುಟ್ಟುಗಳು ಕಾರ್ಕಳದ ಪದವುಗಳಲ್ಲಿಯೋ ಹಿರಿಯಡ್ಕದ ಕಾಡಂಚಿನಲ್ಲಿಯೋ ಇನ್ನೂ ಮಣ್ಣಡಿಯಲ್ಲಿ ಇದ್ದರೆ ಆಶ್ಚರ್ಯವಿಲ್ಲ. ಅವುಗಳನ್ನು ಮೊದಲು ಕಾಣುವವನು ಪ್ರಾಧ್ಯಾಪಕನೇ ಆಗಿರುತ್ತಾನೆಂಬ ಭರವಸೆ ಮಾತ್ರ ಇಲ್ಲ.

ಮೆಕ್ಸಿಕೋದಲ್ಲಿ ಇಂಥ ಗೊಂಬೆಗಳನ್ನು ಮೊದಲು ಕಂಡವರು ಇಟ್ಟಿಗೆ ಸುಡುವವರು. ಮೆಕ್ಸಿಕೋ ನಗರದ ಅಂಚಿನ ತ್ಲಾತಿಲ್ಕೋದಲ್ಲಿ ಇಟ್ಟಿಗೆಗೆ ಮಣ್ಣು ಅಗೆಯುವಾಗ ಸಣ್ಣ ಸಣ್ಣ ಹೆಣ್ಣುಗೊಂಬೆಗಳು ಬರತೊಡಗಿದವು. ದಪ್ಪ ತೊಡೆ, ಸಣ್ಣ ನಡು, ಬಗೆಬಗೆಯ ತುರುಬು. ಕೆಲವಕ್ಕೆ ಎರಡು ತಲೆ, ಕೆಲವಕ್ಕೆ ಒಂದೇ ತಲೆಯಲ್ಲಿ ಎರಡು ಮುಖ. ಮೂರು ಸಾವಿರ ವರ್ಷದ ಹಿಂದಿನವು. ಕೆಲಸಗಾರರು ಅವುಗಳನ್ನು ಸಂಗ್ರಾಹಕರಿಗೆ ಮಾರಿದರು. ಹಾಗೆ ಕೊಳ್ಳುತ್ತಿದ್ದವರಲ್ಲಿ ಒಬ್ಬನಾದ ಕಲಾವಿದ ಮಿಗೆಲ್ ಕೊವರ‍್ರುಬಿಯಾಸ್‌ಗೆ ಇದು ಬರೀ ಕೊಳ್ಳುವ ವಸ್ತುವಲ್ಲ ಎನಿಸಿ, 1942ರಲ್ಲಿ ಅಲ್ಲಿ ಕ್ರಮವಾದ ಉತ್ಖನನ ಶುರುವಾಯಿತು. ಆಗ ತಿಳಿಯಿತು, ಗೊಂಬೆಗಳು ಸತ್ತವರ ಜೊತೆ ಹೂಳಿದ್ದವೆಂದು. ಅಷ್ಟರೊಳಗೆ ಲೆಕ್ಕಕ್ಕೆ ಸಿಗದಷ್ಟು ಗೊಂಬೆಗಳು ಕೈ ಬದಲಿಸಿದ್ದವು. ಮುಂದೆ ನಗರ ಬೆಳೆದು ಆ ಊರಿನ ಮೇಲೆಯೇ ಕೂತಿತು.

ಪಶ್ಚಿಮ ಮೆಕ್ಸಿಕೋದ ಕತೆ ನಮಗೆ ಇನ್ನೂ ಹತ್ತಿರದ್ದು. ನಯಾರಿತ್, ಹಲಿಸ್ಕೋ, ಕೊಲಿಮಾ ಪ್ರಾಂತಗಳಲ್ಲಿ ಸುಮಾರು ಕ್ರಿ.ಪೂ. 300ರಿಂದ ಕ್ರಿ.ಶ. 300ರವರೆಗೆ ಜನ ಗಟ್ಟಿ ಜ್ವಾಲಾಮುಖಿ ಮಣ್ಣಿನಲ್ಲಿ ಬಾವಿಯ ಹಾಗೆ ನೆಟ್ಟಗೆ ಕೆಳಕ್ಕೆ ಕೊರೆದು, ತಳದಲ್ಲಿ ಕೋಣೆ ಬಿಡಿಸಿ, ಸತ್ತವರನ್ನು ಮಲಗಿಸುತ್ತಿದ್ದರು. ಕೆಲವು 15 ಮೀಟರಿಗೂ ಮೀರಿದ ಆಳ. ನಮ್ಮ ಕರಾವಳಿಯಲ್ಲೂ ಉಡುಪಿಯಿಂದ ಕಾಸರಗೋಡು, ಕಣ್ಣೂರಿನವರೆಗೆ ಮುರಕಲ್ಲಿನಲ್ಲಿ ಕೊರೆದ ಕೋಣೆಗಳಿವೆ. ನೆತ್ತಿಯಲ್ಲಿ ಒಂದು ದುಂಡು ಕಂಡಿ, ಕೆಳಗೆ ಗುಮ್ಮಟದಂಥ ಗುಹೆ, ಒಳಗೆ ಮಡಕೆಗಳು. ಎರಡಕ್ಕೂ ಸಂಬಂಧ ಹಚ್ಚುವುದು ಹುಚ್ಚುತನ. ಆದರೆ ಕೊರೆಯಲು ಬರುವ ನೆಲ ಸಿಕ್ಕಿದಲ್ಲಿ ಮನುಷ್ಯನ ಬುದ್ಧಿ ಒಂದೇ ದಾರಿ ಹಿಡಿದಿದೆ, ಕಳ್ಳನ ಬುದ್ಧಿಯೂ ಹಾಗೆಯೇ.

ಮೆಕ್ಸಿಕೋದ ಆ ಪಾತಾಳದ ಕೋಣೆಗಳಲ್ಲಿದ್ದ ಗೊಂಬೆಗಳು ಒಂದು ಸಮಾಜವನ್ನೇ ಮಣ್ಣಿನಲ್ಲಿ ಹೂಡಿದಂಥವು. ಕೆಂಪು ಹೊಳಪಿನ ಡೊಳ್ಳುಹೊಟ್ಟೆಯ ನಾಯಿಗಳು, ಜೊತೆಯಾಗಿ ಕೂತ ಗಂಡಹೆಂಡಿರು, ಡೋಲು ಬಾರಿಸುವವರು, ಚೆಂಡಾಟದ ಅಂಗಳ, ಅದರ ಸುತ್ತ ನೋಡಲು ಕೂತವರು. ನಯಾರಿತ್‌ನ ಮನೆಗಳ ಮಾದರಿಯಲ್ಲಿ ಮಾಡಿನ ಕೆಳಗೆ ಬೆರಳುದ್ದದ ಜನ ಊಟಕ್ಕೆ ಕೂತಿದ್ದಾರೆ. ಇವೆಲ್ಲ ಏನು? ಕೊಂಬಿನಂಥದ್ದನ್ನು ತಲೆಗೆ ಕಟ್ಟಿ ಆಯುಧ ಹಿಡಿದವನು ಸತ್ತವನ ಕಾವಲಿಗೆ ನಿಂತ ಮಾಂತ್ರಿಕ ಎಂದು 1960ರ ದಶಕದಲ್ಲಿ ಪೀಟರ್ ಫರ್ಸ್ಟ್ ವಾದಿಸಿದರು. ಅಲ್ಲ, ಇದು ಕುಟುಂಬಗಳ ಹಿರಿಮೆ, ಮದುವೆ, ಔತಣಗಳ ಚಿತ್ರ ಎಂದು ಬಳಿಕದವರು ಹೇಳಿದರು. ವಾದ ತೀರಲಿಲ್ಲ, ಏಕೆಂದರೆ ತೀರಿಸುವ ಸಾಕ್ಷಿಯೇ ಉಳಿದಿರಲಿಲ್ಲ. ಗೋರಿಗಳನ್ನು ಸ್ಥಳೀಯ ಕಳ್ಳರು ಬರಿದು ಮಾಡಿ ಗೊಂಬೆಗಳನ್ನು ವ್ಯಾಪಾರಿಗಳಿಗೆ ದಾಟಿಸಿದ್ದರು. ಚಿತ್ರಕಾರ ದಿಯೆಗೊ ರಿವೆರಾನಂಥ ದೊಡ್ಡವರೂ ರಾಶಿ ರಾಶಿ ಕೊಂಡರು. ಪ್ರೀತಿಯಿಂದಲೇ ಕೊಂಡರು, ಆದರೆ ಪ್ರೀತಿಗೂ ಮಾರುಕಟ್ಟೆ ಬೆಳೆಸುವ ಶಕ್ತಿ ಇದೆ. 1993ರಲ್ಲಿ, ಹಲಿಸ್ಕೋದ ಉಯಿತ್ಸಿಲಾಪದಲ್ಲಿ, ಕಳ್ಳರ ಕೈಗೆ ಸಿಗದ ಒಂದು ಗೋರಿ ಪುರಾತತ್ತ್ವಜ್ಞರಿಗೆ ಸಿಕ್ಕಿತು. ಎಂಟು ಮೀಟರಿಗೆ ಸ್ವಲ್ಪ ಕಡಿಮೆ ಆಳದಲ್ಲಿ ಎರಡು ಕೋಣೆ, ಆರು ಮಂದಿ. ಬೆನ್ನೆಲುಬಿನ ಹುಟ್ಟುದೋಷ ನೋಡಿ ಅವರಲ್ಲಿ ಹೆಚ್ಚಿನವರು ಒಂದೇ ರಕ್ತದವರೆಂದು ತಿಳಿಯಿತು. ಇಡೀ ಪ್ರದೇಶದ ಸಾವಿರಾರು ಗೊಂಬೆಗಳು ಹೇಳಲಾರದ ಮಾತನ್ನು, ಇದು ಒಂದು ಮನೆತನದ ಗೋರಿ ಎಂಬುದನ್ನು, ಮುಟ್ಟದೆ ಉಳಿದ ಈ ಒಂದು ಗೋರಿ ಹೇಳಿತು.

ಜಾಗ ಕಳೆದುಹೋದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಪ್ರಸಂಗ ಇದೆ, ನಗು ಬರುವಂಥದ್ದು. ವೆರಾಕ್ರೂಸ್ ಪ್ರಾಂತದ ಬ್ರಿಗಿಡೊ ಲಾರಾ ಎಂಬಾತನನ್ನು 1974ರಲ್ಲಿ ಪುರಾತನ ಗೊಂಬೆ ಕದ್ದ ಆರೋಪದಲ್ಲಿ ಹಿಡಿದು ಜೈಲಿಗೆ ಹಾಕಿದರು. ತಜ್ಞರು ಗೊಂಬೆಗಳು ಅಸಲಿ ಎಂದರು. ಲಾರಾ, ಇವು ನಾನೇ ಮಾಡಿದ್ದು ಸ್ವಾಮಿ ಎಂದ. ಯಾರೂ ನಂಬಲಿಲ್ಲ. ಜೈಲಿಗೇ ಮಣ್ಣು ತರಿಸಿಕೊಂಡು ಅಂಥದ್ದೇ ಗೊಂಬೆಗಳನ್ನು ಮಾಡಿ ತೋರಿಸಿದ; ತಜ್ಞರು ಅವನ್ನೂ ಅಸಲಿ ಎಂದರು. ಮರುವರ್ಷ ಬಿಡುಗಡೆಯಾಯಿತು. ಮುಂದೆ ಹಲಾಪ ನಗರದ ವಸ್ತುಸಂಗ್ರಹಾಲಯ ಅವನನ್ನೇ ಕೆಲಸಕ್ಕೆ ಇಟ್ಟುಕೊಂಡಿತು. ಅವನ ಕೈಯ ಗೊಂಬೆಗಳು ಹೊರದೇಶದ ದೊಡ್ಡ ಸಂಗ್ರಹಗಳಿಗೂ ಹೋಗಿ ಸೇರಿವೆ ಎಂಬ ಮಾತೂ ಇದೆ. ನೆಲದಿಂದ ಎಬ್ಬಿಸಿದ ಮೇಲೆ ಗೊಂಬೆಗೆ ಸಾಕ್ಷಿ ಹೇಳುವವರಿಲ್ಲ. ಅಸಲಿಯೋ ನಕಲಿಯೋ ಎಂಬುದು ಕೊಳ್ಳುವವನ ಆಸೆಗೆ ಬಿಟ್ಟ ವಿಚಾರವಾಗುತ್ತದೆ.

ಮೆಕ್ಸಿಕೋದಲ್ಲಿ ಮೊದಲು ಬೆಲೆ ಬಂತು, ಆಮೇಲೆ ವಿದ್ವಾಂಸ ಬಂದ. ನಮ್ಮಲ್ಲಿ, ಮಣ್ಣಿನ ಗೊಂಬೆಯ ಮಟ್ಟಿಗೆ, ವಿದ್ವಾಂಸ ಮೊದಲು ಬಂದಿದ್ದಾನೆ; ಬೆಲೆ ಇನ್ನೂ ಹುಟ್ಟಿಲ್ಲ. ಈ ಲೇಖನದ ಎಚ್ಚರಿಕೆ ಅಷ್ಟೇ: ಈ ಅವಕಾಶ ಬಹಳ ದಿನ ಇರುವುದಿಲ್ಲ.

ಮರಕ್ಕೆ ಬೆಲೆ ಬಂದಾಗಿದೆ. ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಹಳೆಯ ಮರದ ಉರುಗಳನ್ನು ನೋಡಬೇಕಾದರೆ ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂಗೆ ಹೋಗಬೇಕು. ಅಲ್ಲಿಯಾದರೂ ಅವು ಮೆಕ್ಕೆಕಟ್ಟಿನವು ಎಂಬ ಗುರುತಿದೆ. ಅಂಥ ಗುರುತೂ ಇಲ್ಲದೆ ಗೋಡೆ ಏರಿದ ಭೂತದ ಮೊಗಗಳೆಷ್ಟೋ. ಕಂಚಿಗೂ ಬೆಲೆ ಬಂದಿದೆ, ಹಳೆಯ ಮನೆಯ ಕಂಬ, ದಾರಂದಗಳಿಗೂ ಬಂದಿದೆ. ಹೊಸ ರೆಸಾರ್ಟು, ಹೋಂಸ್ಟೇಗಳ ಜಗಲಿಯಲ್ಲಿ ಹಳತು ಕಾಣುವುದು ಈಗ ಅಂತಸ್ತು. ಇದೇ ಸಾಲಿನಲ್ಲಿ ಮುಂದಿನದು ಮಣ್ಣು. ಹಿಡಿಯಷ್ಟು ದೊಡ್ಡ ಗೂಳಿತಲೆಯ ಗೊಂಬೆಯನ್ನು ಅಂಗಿಯ ಜೇಬಿನಲ್ಲಿ ದಾಟಿಸಬಹುದು. ಕಂಬವನ್ನು ಹಾಗೆ ದಾಟಿಸಲಾಗದು.

ಬೆಲೆ ಹುಟ್ಟುವ ಮೊದಲೂ ನಾಶ ನಿಂತಿಲ್ಲ, ಅದಕ್ಕೆ ನಿಧಿಯ ಭ್ರಮೆಯೊಂದೇ ಸಾಕು. ದುಂಡು ಕಂಡಿಯ ಗುಹೆ ಕಂಡರೆ ಒಳಗೆ ಚಿನ್ನ ಇದೆಯೆಂದು ಅಮಾವಾಸ್ಯೆಯ ರಾತ್ರಿ ಗುದ್ದಲಿ ಹಿಡಿದು ಹೋಗುವವರು ಇವತ್ತಿಗೂ ಇದ್ದಾರೆ. ಚಿನ್ನ ಸಿಗುವುದಿಲ್ಲ. ಕಬ್ಬಿಣದ ತುಂಡು, ಮೂಳೆ, ಮಡಕೆ ಸಿಗುತ್ತವೆ. ಸಿಟ್ಟಿನಲ್ಲಿ ಒಡೆದು ಹಾಕಿ ಬರುತ್ತಾರೆ. ಹಗಲಿನ ಕೆಲಸ ಕೋರೆಯವರದು. ಮನೆ ಕಟ್ಟಲು ಮುರಕಲ್ಲು ಬೇಕು, ಅದನ್ನು ಬೇಡ ಎನ್ನಲಾಗದು. ಆದರೆ ಯಂತ್ರದ ಗರಗಸ ಸಾಲು ಸಾಲಾಗಿ ಕಲ್ಲು ಕೊಯ್ದು ಹೋಗುವಾಗ ನಡುವೆ ಒಂದು ಕೋಣೆ ಬಂದರೆ, ಅಲ್ಲಿರುವ ಮೇಸ್ತ್ರಿಗೆ ಅದು ಕಲ್ಲು ಕಡಿಮೆಯಾದ ಗುಂಡಿ ಮಾತ್ರ. ಜಾಗದ ಧನಿಗಳನ್ನು ಕೇಳಿದರೆ, “ಅದು ಪಾಂಡವರ ಕಾಲದ್ದು ಮಾರಾಯ್ರೆ, ಅಲ್ಲಿ ಎಂಥ ಉಂಟು ನೋಡ್ಲಿಕ್ಕೆ?” ಎನ್ನುತ್ತಾರೆ. ಹೇಳುವಾಗ ಧ್ವನಿಯಲ್ಲಿ ಸಣ್ಣ ಅಂಜಿಕೆಯೂ ಇರುತ್ತದೆ, ಸರಕಾರದವರು ಬಂದು ಜಾಗ ಹೊಡೆದುಕೊಂಡರೆ ಎಂದು. ಈ ಅಂಜಿಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ.

ಮೂಡುಕೊಣಾಜೆಯ ಗೊಂಬೆಗಳ ಅರ್ಥವೇನು ಎಂದು ಕೇಳಿದರೆ ನಮ್ಮವರ ಬಾಯಲ್ಲಿ ಉತ್ತರ ಸಿದ್ಧವಿದೆ: ದೈವಾರಾಧನೆಯ ಬೇರು ಇಲ್ಲಿದೆ. ಗೂಳಿಯ ಮುಖ ಕಂಡ ಕೂಡಲೇ ಮೈಸಂದಾಯ, ನಂದಿಗೋಣ, ಕಂಬಳದ ಕೋಣ ಎಲ್ಲ ಸಾಲಾಗಿ ನಿಲ್ಲುತ್ತವೆ. ಮುರುಗೇಶಿಯವರೂ ಈ ಗೊಂಬೆಗಳು ಭೂತಾರಾಧನೆಯ ಅಧ್ಯಯನಕ್ಕೆ ಗಟ್ಟಿ ಆಧಾರ ಎಂದಿದ್ದಾರೆ; ಕೇರಳದ ಮಲಂಪುಳದಲ್ಲಿ ಸಿಕ್ಕ ಗೂಳಿಗೊಂಬೆಗಳ ಹೋಲಿಕೆಯನ್ನೂ ಕೊಟ್ಟಿದ್ದಾರೆ. ಹೋಲಿಕೆ ಆಸಕ್ತಿ ಹುಟ್ಟಿಸುವಂಥದ್ದು, ಊಹೆ ತಪ್ಪಲ್ಲ. ಆದರೆ ನಡುವೆ ಎರಡೂವರೆ ಸಾವಿರ ವರ್ಷದ ಮೌನವಿದೆ. ಅದನ್ನು ದಾಟಲು ಹೋಲಿಕೆಯೊಂದೇ ಸಾಲದು, ನಡುನಡುವೆ ಮೆಟ್ಟಿಲು ಬೇಕು: ಇನ್ನೂ ಕೆಲವು ಕಲ್ಮನೆಗಳು, ಮುಟ್ಟದವು, ಕ್ರಮವಾಗಿ ತೆರೆದವು. ಆ ಮೆಟ್ಟಿಲುಗಳನ್ನೇ ನಾವು ಮನೆಯ ಪಂಚಾಂಗಕ್ಕೆ ಹಾಕುತ್ತಿದ್ದೇವೆ. ಹೆಮ್ಮೆಯ ಭಾಷಣಕ್ಕೆ ಎಂಟು ಗೊಂಬೆ ಸಾಕಾಗಬಹುದು, ಇತಿಹಾಸಕ್ಕೆ ಸಾಕಾಗದು.

ಕಾಲದ ಅಂದಾಜಿನ ವಿಷಯವೂ ಹೀಗೆಯೇ. ಸುಟ್ಟ ಮಣ್ಣಿನ ವಯಸ್ಸನ್ನು ಥರ್ಮೋಲ್ಯುಮಿನೆಸೆನ್ಸ್ ಎಂಬ ವಿಧಾನದಿಂದ ಅಳೆಯಬಹುದು. ಆವೆಯ ಬಿಸಿಗೆ ಮಣ್ಣಿನ ಹರಳುಗಳಲ್ಲಿ ಅದುವರೆಗೆ ಕೂಡಿಟ್ಟ ಶಕ್ತಿಯೆಲ್ಲ ಹೊರಟುಹೋಗುತ್ತದೆ. ಸುಟ್ಟ ಬಳಿಕ ಗೊಂಬೆಯದೇ ಮಣ್ಣಿನ, ಸುತ್ತಲಿನ ಮಣ್ಣಿನ ಸಹಜ ವಿಕಿರಣದಿಂದ ಮತ್ತೆ ಕೂಡುತ್ತಾ ಬರುತ್ತದೆ. ಎಷ್ಟು ಕೂಡಿದೆ ಎಂದು ಅಳೆದರೆ ಸುಟ್ಟದ್ದು ಯಾವಾಗ ಎಂದು ತಿಳಿಯುತ್ತದೆ. ಆದರೆ ಲೆಕ್ಕ ನಿಖರವಾಗಲು ಗೊಂಬೆ ಮಲಗಿದ್ದ ಜಾಗದ ಮಣ್ಣೂ ಬೇಕು, ವರ್ಷಕ್ಕೆ ಎಷ್ಟು ವಿಕಿರಣ ಬಿದ್ದಿತ್ತೆಂದು ತಿಳಿಯಲು. ಯಾರೋ ಎತ್ತಿ ತಂದು, ನಲ್ಲಿಯಡಿ ತೊಳೆದು, ಷೋಕೇಸಿನಲ್ಲಿಟ್ಟ ಗೊಂಬೆಗೆ ಆ ಮಣ್ಣನ್ನು ಎಲ್ಲಿಂದ ತರುವುದು?

ಗೊಂಬೆಯ ಸಾಮಾಜಿಕ ಅರ್ಥವನ್ನು ಊಹಿಸದೆ, ನೇರವಾಗಿ ಕೇಳಿಯೇ ತಿಳಿಯಬಹುದಾದ ಒಂದು ಜಾಗವೂ ನಮ್ಮ ತುಳುನಾಡಿನಲ್ಲಿದೆ. ಜಗತ್ತಿನ ಹೆಚ್ಚಿನ ಪುರಾತತ್ತ್ವಜ್ಞರಿಗೆ ಸಿಗದ ಭಾಗ್ಯ ಅದು. ಬೆಳ್ತಂಗಡಿ ತಾಲೂಕಿನ ನಡ ಗ್ರಾಮದ ಸುರ್ಯ ಸದಾಶಿವರುದ್ರ ದೇವಸ್ಥಾನ, ಉಜಿರೆಯಿಂದ ನಾಲ್ಕೈದು ಕಿಲೋಮೀಟರ್. ಅಲ್ಲಿ ಹರಕೆ ಮಣ್ಣಿನ ಗೊಂಬೆಯದು. ಮಗು ಬೇಕೆಂದವರು ಮಣ್ಣಿನ ತೊಟ್ಟಿಲು, ಮಗು ಒಪ್ಪಿಸುತ್ತಾರೆ. ಕಾಲುನೋವಿನವರು ಕಾಲು, ಮನೆ ಏಳಬೇಕಾದವರು ಮನೆ, ದನ ಉಳಿಯಬೇಕಾದವರು ದನ. ದೇವರ ಮುಂದೆ ಪ್ರಾರ್ಥನೆಯಾದ ಮೇಲೆ ಗೊಂಬೆ ಹರಕೆ ಬನಕ್ಕೆ ಹೋಗುತ್ತದೆ. ಅಲ್ಲಿ ಮರಗಳ ಬುಡದಲ್ಲಿ ರಾಶಿ. ಮೇಲಿನವು ಕೆಂಪಗೆ, ಹೊಸದಾಗಿ ಇರುತ್ತವೆ. ಕೆಳಗಿನವು ಮಳೆಗೆ ಮಾಸಿ, ಪಾಚಿ ಹಿಡಿದು, ಕಾಲು ಮುರಿದು, ಮಣ್ಣಿಗೆ ಮಣ್ಣಾಗುವ ಹಾದಿಯಲ್ಲಿ. ಕಿಟಕಿ ಬಾಗಿಲು ಕೊರೆದ ಮನೆಯ ಪಕ್ಕ ಗಾಲಿ ಕಳೆದುಕೊಂಡ ಕಾರು. ಒಂದು ಸಮಾಜಕ್ಕೆ ಏನು ಬೇಕಿತ್ತು, ಯಾವುದಕ್ಕೆ ಹೆದರಿತ್ತು, ಯಾವುದನ್ನು ಸ್ವಂತದ್ದೆಂದು ಎಣಿಸಿತ್ತು ಎಂಬುದರ ಪಟ್ಟಿ ಪದರ ಪದರವಾಗಿ ಅಲ್ಲಿ ಬಿದ್ದಿದೆ. ನಯಾರಿತ್‌ನ ಮಣ್ಣಿನ ಮನೆಯನ್ನು ಮಾಡಿಸಿದವನನ್ನು ಕೇಳಲು ಯಾರಿಗೂ ಆಗದು. ಸುರ್ಯದಲ್ಲಿ ಮನೆ ಒಪ್ಪಿಸಿ ಹೊರಗೆ ಬರುವವರನ್ನು ಈ ಭಾನುವಾರವೇ ಕೇಳಬಹುದು.

ಕೇಳುವವರು ಕಡಿಮೆ. ಹತ್ತು ವರ್ಷದ ಹಿಂದೆ ಯಾವ ಆಕಾರ ಹೆಚ್ಚಿತ್ತು, ಈಗ ಯಾವುದು ಹೆಚ್ಚು, ಗೇಣಿದಾರರ ಕಾಲದಲ್ಲಿ ಏನು ಬರುತ್ತಿತ್ತು, ಗಲ್ಫ್ ದುಡ್ಡು ಬಂದ ಮೇಲೆ ಏನು ಸೇರಿತು? ಸರಳ ಪ್ರಶ್ನೆಗಳು. ಮಣಿಪಾಲ, ಉಡುಪಿ, ಕಾರ್ಕಳ, ಉಜಿರೆಯ ಕಾಲೇಜುಗಳ ಇತಿಹಾಸ, ಸಮಾಜಶಾಸ್ತ್ರದ ಹುಡುಗರು ದೇವಸ್ಥಾನದವರ ಒಪ್ಪಿಗೆ ಪಡೆದು, ಬನದ ಗೊಂಬೆಯೊಂದನ್ನೂ ಕದಲಿಸದೆ, ಒಪ್ಪಿಸುವವರ ಮಾತನ್ನಷ್ಟೇ ಬರೆದುಕೊಂಡರೂ ಸಾಕು.

ಮಾಡುವ ಕೈಗಳ ವಿಷಯವನ್ನೂ ಬಿಡುವಂತಿಲ್ಲ. ಪೆರ್ಡೂರಿನ ಸುತ್ತ, ಪುತ್ತೂರಿನ ಕಡೆ ಕುಂಬಾರರ ಮನೆಗಳಿವೆ. ಅಲ್ಯೂಮಿನಿಯಂ ಬಂದಾಗ ಕುಂಬಾರಿಕೆಗೆ ಒಂದು ಪೆಟ್ಟು, ಕುಕ್ಕರ್ ಬಂದಾಗ ಇನ್ನೊಂದು. ಈಗ ಮೀನು ಸಾರಿನ ಮಣ್ಣಿನ ಬಿಸಲೆಗೆ ಮತ್ತೆ ಗಿರಾಕಿ ಬಂದಿದ್ದಾರೆ, ಕೊಳ್ಳುವವರಿದ್ದಾರೆ, ಮಣ್ಣಿಲ್ಲ. ಆವೆಮಣ್ಣು ಸಿಗುವುದು ತಗ್ಗಿನ ಗದ್ದೆಗಳಲ್ಲಿ. ಗದ್ದೆಗಳು ಸೈಟುಗಳಾಗಿವೆ. ಬನ್ನಂಜೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಸ್ ನಿಲ್ದಾಣದ ಆಸುಪಾಸಿನಲ್ಲಿ ನಿಂತು ಸುತ್ತ ನೋಡಿದರೆ ಸಾಕು. ಹಳೆಯ ಗೊಂಬೆಯ ಮೈಮೇಲಿನ ಬೆರಳಗುರುತು ಓದಿ ಇದು ಹೆಬ್ಬೆರಳಿನ ಒತ್ತು, ಇದು ಬಿದಿರುಕಡ್ಡಿಯ ಗೀರು, ಇದು ಹಸಿ ಇರುವಾಗಲೇ ಅಂಟಿಸಿದ್ದು ಎಂದು ಹೇಳಬಲ್ಲವನು ಕುಂಬಾರ. ಲಾರಾನ ಪ್ರಕರಣದಲ್ಲಿ ತಜ್ಞರಿಗೆ ಕಾಣದ್ದು ಮಣ್ಣು ಕಲಸಿದವನಿಗೆ ಗೊತ್ತಿತ್ತಲ್ಲ. ಮೂಡುಕೊಣಾಜೆಯ ನವಿಲನ್ನು ಪೆರ್ಡೂರಿನ ಹಿರಿಯರೊಬ್ಬರ ಮುಂದಿಟ್ಟು, “ಇದನ್ನು ಹೇಗೆ ಮಾಡಿರಬಹುದು ಅಣ್ಣೇರೆ?” ಎಂದು ಕೇಳುವುದು ಒಳ್ಳೆಯ ಸಂಶೋಧನೆಯೇ.

ಕಾನೂನಿಗೆ ಕೊರತೆಯಿಲ್ಲ. 1878ರ ಬ್ರಿಟಿಷರ ನಿಧಿ ಕಾಯ್ದೆಯ ಪ್ರಕಾರವೇ ನೆಲದಲ್ಲಿ ಸಿಕ್ಕ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತುವನ್ನು ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕಿತ್ತು. ನಮ್ಮ ರಾಜ್ಯದ್ದೇ ಕಾಯ್ದೆ 1962ರದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ಶಿಲ್ಪವನ್ನು ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಸಾಗಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು. ತೊಡಕು ಎಲ್ಲಿ ಎಂದರೆ, ಹತ್ತು ರೂಪಾಯಿ ಬಾಳುವುದೆಂದು ಮೇಸ್ತ್ರಿಗೆ ಅನಿಸಬೇಕಲ್ಲ. ಚಿನ್ನದ ನಾಣ್ಯ ಸಿಕ್ಕಿದರೆ ಊರಿಡೀ ಸುದ್ದಿ. ಮಣ್ಣಿನ ಕುದುರೆಯ ಮುರಿದ ಕಾಲು ಸಿಕ್ಕಿದರೆ ಬುಟ್ಟಿ ಮಣ್ಣಿನ ಜೊತೆ ಅದೂ ಹೋಗುತ್ತದೆ.

ಈಗ ಜಾಗದ ಧನಿಗಳ ಅಂಜಿಕೆ. ನೂರು ಮೀಟರ್ ಒಳಗೆ ಏನೂ ಕಟ್ಟುವಂತಿಲ್ಲ ಎಂಬ ನಿಯಮ 2010ರ ತಿದ್ದುಪಡಿಯಿಂದ ಕಾಯ್ದೆಗೆ ಸೇರಿದ್ದು, ಕೇಂದ್ರ ಸರಕಾರ ಸಂರಕ್ಷಿಸಿದ ಸ್ಮಾರಕಗಳಿಗೆ ಮಾತ್ರ. ತೋಟದ ಅಂಚಿನಲ್ಲೊಂದು ಕಲ್ಮನೆ ಇದೆಯೆಂದು ತಹಶೀಲ್ದಾರರಿಗೆ ತಿಳಿಸಿದ ಮಾತ್ರಕ್ಕೆ ಆ ನಿಯಮ ಯಾರ ಅಡಿಕೆ ತೋಟದ ಮೇಲೂ ಬಂದು ಬೀಳುವುದಿಲ್ಲ. ಇದನ್ನು ಪುರಾತತ್ತ್ವ ಇಲಾಖೆಯವರು ಗ್ರಾಮಸಭೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹೇಳದೆ ಇರುವುದರಿಂದಲೇ ಎಷ್ಟೋ ಜನ ರಾತ್ರೋರಾತ್ರಿ ಚಪ್ಪಡಿ ಸರಿಸಿ ‘ಇಲ್ಲಿ ಏನೂ ಇರಲಿಲ್ಲ’ ಎನ್ನುವ ದಾರಿ ಹಿಡಿಯುತ್ತಾರೆ.

ಗೊತ್ತಿರುವ ಕಲ್ಮನೆ, ಗುಹೆಗಳನ್ನು ಸರ್ವೆ ನಂಬರ್ ಸಮೇತ ಪಟ್ಟಿ ಮಾಡಿ ಪಹಣಿಯಲ್ಲಿ ನಮೂದಿಸಬೇಕು. ಸಾಲ ನಮೂದಿಸಲು ಕಲಂ ಇರುವ ಪಹಣಿಯಲ್ಲಿ ಮೂರು ಸಾವಿರ ವರ್ಷದ ಹಿಂದಿನವರಿಗೂ ಒಂದು ಸಾಲು ಸಿಗಲಿ. ಪಟ್ಟಿ ಬಹಿರಂಗವಾದರೆ ಕಳ್ಳರಿಗೆ ದಾರಿ ತೋರಿಸಿದಂತೆ ಎಂಬ ಆಕ್ಷೇಪ ಬರುತ್ತದೆ, ಸಣ್ಣ ಮಾತಲ್ಲ. ರೀಲ್ಸ್ ಮಾಡುವ ಹುಡುಗರು ಕಂಡಿಯೊಳಗೆ ಇಳಿದು ಲೊಕೇಶನ್ ಸಮೇತ ಹಾಕಿದ ಮೇಲೆ ಗುಟ್ಟೆಂಬುದು ಉಳಿದಿಲ್ಲ, ನಿಜ. ಆದರೂ ಪೂರ್ತಿ ಪಟ್ಟಿಯನ್ನು ಗೋಡೆಗೆ ಅಂಟಿಸುವ ಅಗತ್ಯವಿಲ್ಲ. ಗ್ರಾಮ ಆಡಳಿತಾಧಿಕಾರಿ, ಪಂಚಾಯತ್, ಠಾಣೆಯ ಬಳಿ ಇದ್ದರೆ ಸಾಕು. ಕೋರೆಗೆ ಪರವಾನಗಿ ಕೊಡುವ ಗಣಿ ಮತ್ತು ಭೂವಿಜ್ಞಾನ ಇಲಾಖೆ ಆ ಪಟ್ಟಿ ನೋಡದೆ ಸಹಿ ಹಾಕಬಾರದು. ಪರವಾನಗಿಯ ಜೊತೆ ಒಂದು ಪುಟದ ಸೂಚನೆ, ತುಳುವಿನಲ್ಲೂ ಕನ್ನಡದಲ್ಲೂ, ಮೇಸ್ತ್ರಿಯ ಕೈಗೆ ಹೋಗಬೇಕು: ಟೊಳ್ಳು ಬಂದರೆ ಯಂತ್ರ ನಿಲ್ಲಿಸಿ, ಏನನ್ನೂ ಎತ್ತಬೇಡಿ, ತೊಳೆಯಬೇಡಿ, ಇದ್ದ ಹಾಗೇ ಫೋಟೊ ತೆಗೆದು ಈ ನಂಬರಿಗೆ ಕಳಿಸಿ. ಕೆಲಸ ನಿಂತ ದಿನಗಳ ಕೂಲಿಯನ್ನು ಸರಕಾರ ಕೊಡಬೇಕು. ಕೊಡದಿದ್ದರೆ ಯಾರೂ ಫೋಟೊ ಕಳಿಸುವುದಿಲ್ಲ, ಇದರಲ್ಲಿ ಯಾರಿಗೂ ಭ್ರಮೆ ಬೇಡ.

ಇದಕ್ಕೆ ಹೊಸ ಕಾನೂನು ಬೇಡ, ದೊಡ್ಡ ಅನುದಾನವೂ ಬೇಡ. ಮಣಿಪಾಲದ ರಜತಾದ್ರಿಯಿಂದ ಜಿಲ್ಲಾಧಿಕಾರಿಗಳ ಒಂದು ಸುತ್ತೋಲೆ ಹೊರಟರೆ ಕೆಲಸ ಶುರುವಾಗುತ್ತದೆ. ಮಂಗಳೂರಿನಿಂದಲೂ ಅಂಥದ್ದೇ ಒಂದು ಹೊರಡಲಿ. ಮಳೆ ಬಿಟ್ಟ ಕೂಡಲೇ ಕೋರೆಗಳಲ್ಲಿ ಕೆಲಸ ಮತ್ತೆ ಜೋರಾಗುತ್ತದೆ. ಸುತ್ತೋಲೆ ಅದಕ್ಕಿಂತ ಮೊದಲೇ ಪಂಚಾಯತ್‌ಗಳ ಮೇಜಿಗೆ ಬರಬೇಕು.